ನೀಲಗಿರಿ ತೋಪಿನ ಬಿಡಾರ



ಕೊಪ್ಪ ತಾಲ್ಲೂಕಿನಲ್ಲಿ ಬಸರೀಕಟ್ಟೆ ಎಂಬ ಊರಿದೆ. ಒಂದು ದಿಕ್ಕಿಗೆ ತುಂಗೆ ಹರಿಯುವ ಶೃಂಗೇರಿ, ಇನ್ನೊಂದು ದಿಕ್ಕಿಗೆ ಭದ್ರೆ ಹರಿಯುವ ಕಳಸ, ಬಾಳೆಹೊನ್ನೂರು. ತಲೆಯೆತ್ತಿದರೆ ಮೇರುತಿ ಗುಡ್ಡ. ಈ ಊರಿನ ಹೆಸರನ್ನು ಒಮ್ಮೆ ಬಿಡಿಸಿ ನೋಡಿ. ಬಸರಿ ಒಂದು ಮರ. ಆಲ, ಅರಳಿ, ಅತ್ತಿ, ಗೋಣಿಗಳ ಬಳಗಕ್ಕೆ ಸೇರಿದ್ದು. ಮರದ ಬುಡಕ್ಕೆ ಕಲ್ಲು ಮಣ್ಣು ಕಟ್ಟಿ, ಕೂರುವುದಕ್ಕೆ ಮಾಡಿದ ಜಾಗ ಕಟ್ಟೆ. ಬಸ್ಸು, ಜೀಪು ಬರುವುದಕ್ಕೆ ಮೊದಲು ಮಲೆನಾಡಿನ ಜನ ಶೃಂಗೇರಿಗೆ, ಕಳಸಕ್ಕೆ, ಹೊರನಾಡಿಗೆ, ರಂಭಾಪುರಿ ಪೀಠಕ್ಕೆ ನಡೆದೇ ಹೋಗುತ್ತಿದ್ದರು. ದಾರಿಯಲ್ಲಿ ಕಟ್ಟೆ ಸಿಕ್ಕಿದರೆ ತಲೆಹೊರೆ ಇಳಿಸುತ್ತಿದ್ದರು, ಬುತ್ತಿ ಬಿಚ್ಚುತ್ತಿದ್ದರು, ಕತ್ತಲಾದರೆ ಅಲ್ಲಿಯೇ ಕಂಬಳಿ ಹಾಸುತ್ತಿದ್ದರು. ಹಾಗೆ ತಂಗುವುದಕ್ಕೆ ನಮ್ಮಲ್ಲಿ ಒಂದು ಹಳೆಯ, ಚಂದದ ಮಾತಿದೆ: ಬಿಡಾರ.

ಈಗ ನಮ್ಮ ಹುಡುಗರು ಇದನ್ನು ಕ್ಯಾಂಪಿಂಗ್ ಎನ್ನುತ್ತಾರೆ. ಹೆಸರು ಯಾವುದಾದರೂ ಇರಲಿ, ನನಗೆ ಬೇಸರವಿಲ್ಲ. ಆದರೆ ಬಿಡಾರದ ಜೊತೆಗೆ ಒಂದು ನಡವಳಿಕೆಯೂ ಇತ್ತು. ಎದ್ದು ಹೊರಡುವವರು ಒಲೆಯ ಕೆಂಡ ಆರಿಸಬೇಕು, ಎಂಜಲೆಲೆ ದೂರ ಹಾಕಬೇಕು, ಮಿಕ್ಕ ಸೌದೆಯನ್ನು ಮುಂದೆ ಬರುವವರಿಗೆಂದು ಒಂದು ಕಡೆ ಜೋಡಿಸಿಡಬೇಕು. ಮುಂದೆ ಬರುವವರು ಯಾರೆಂದು ಗೊತ್ತಿರುತ್ತಿರಲಿಲ್ಲ. ಗೊತ್ತಿಲ್ಲದವರಿಗಾಗಿ ಸೌದೆ ಜೋಡಿಸಿಡುವ ಆ ಕೆಲಸದ ನೆನಪಿನಲ್ಲಿಯೇ ನಾನು ಇವತ್ತು ಮಾತನಾಡುತ್ತಿದ್ದೇನೆ.

ಬಸರೀಕಟ್ಟೆಯ ಸಮೀಪ ನನ್ನ ಸೋದರಮಾವನ ಕಾಫಿ ತೋಟವಿದೆ. ತೋಟದ ಮೇಲುಗಡೆ, ಜೀಪು ಹೋಗುವ ದಾರಿ ಮುಗಿದ ಮೇಲೆ ಸುಮಾರು ಒಂದು ಗಂಟೆ ಏರಿದರೆ, ಅವರದೇ ಹಿಡುವಳಿಯೊಳಗೆ ಒಂದು ನೀಲಗಿರಿ ತೋಪು. ಐವತ್ತು ವರ್ಷದ ಹಿಂದೆ ಮಾವನ ತಂದೆಯವರು ಕಂಬಕ್ಕೆ, ಸೌದೆಗೆ ಆದೀತೆಂದು ನೆಟ್ಟದ್ದು. ತೋಪಿನ ಆಚೆ ಒಂದು ಹಳ್ಳ, ಹಳ್ಳದ ಆಚೆಗೆ ನಿಜವಾದ ಕಾನು. ಹೋದ ಮಾರ್ಗಶಿರದಲ್ಲಿ ನನ್ನ ಅಣ್ಣನ ಮಗಳು, ಹನ್ನೆರಡು ವರ್ಷದವಳು, "ಅತ್ತೆ, ಒಂದು ರಾತ್ರಿ ಕಾಡಿನಲ್ಲಿ ಮಲಗಬೇಕು" ಎಂದು ಹಟ ಹಿಡಿದಳು. ಮಾವನಿಗೆ ಹೇಳಿದೆ. ಅವರು ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. "ಮೊದಲು ಆಸ್ಪತ್ರೆಯ ಕಡೆ ವಿಚಾರಿಸ್ತೇನೆ. ಎಲ್ಲಾದರೂ ಮಂಗ ಸತ್ತ ಸುದ್ದಿ ಉಂಟಾ ನೋಡ್ಬೇಕು" ಎಂದರು.

ಹೊರಗಿನವರಿಗೆ ಈ ಮಾತು ವಿಚಿತ್ರವಾಗಿ ಕೇಳಿಸಬಹುದು. ಮಲೆನಾಡಿನವರಿಗೆ ಅದರ ಅರ್ಥ ಚೆನ್ನಾಗಿ ಗೊತ್ತು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲುಸಾಲಾಗಿ ಸತ್ತವು. ಸುತ್ತಲಿನ ಹಳ್ಳಿಯ ಜನರಿಗೆ ವಿಪರೀತ ಜ್ವರ ಬಂತು. ಅದೇ ಕ್ಯಾಸನೂರು ಕಾಡಿನ ಕಾಯಿಲೆ, ನಾವು ಮಂಗನ ಕಾಯಿಲೆ ಎನ್ನುವುದು. ವೈರಾಣುವನ್ನು ಹೊತ್ತು ತರುವುದು ಉಣುಗು. ಮಳೆ ನಿಂತು ತರಗೆಲೆ ಒಣಗುವ ಕಾಲದಿಂದ ಬೇಸಿಗೆ ಮುಗಿಯುವವರೆಗೆ, ಎಳ್ಳಿನ ಕಾಳಿಗಿಂತ ಚಿಕ್ಕದಾದ ಮರಿ ಉಣುಗುಗಳು ನೆಲದ ಮೇಲೆ, ಪೊದೆಯ ತುದಿಯಲ್ಲಿ ಕಾದಿರುತ್ತವೆ. ಈಚಿನ ವರ್ಷಗಳಲ್ಲಿ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆಯೂ ಈ ಕಾಯಿಲೆ ಕಾಣಿಸಿಕೊಂಡಿದೆ, ಜೀವಗಳನ್ನೂ ತೆಗೆದುಕೊಂಡಿದೆ. ಹಾಗಾಗಿ, ಮಂಗ ಸತ್ತ ಸುದ್ದಿ ಇರುವ ಕಾಡಿಗೆ ತಂಗಲು ಹೋಗಲೇಬಾರದು. ಸತ್ತ ಮಂಗ ಕಣ್ಣಿಗೆ ಬಿದ್ದರೆ ಮುಟ್ಟದೆ ಆರೋಗ್ಯ ಇಲಾಖೆಯವರಿಗೆ ತಿಳಿಸಬೇಕು. ಕಾಡಿನಲ್ಲಿ ಒಂದು ರಾತ್ರಿ ಕಳೆಯುವ ಆಸೆ ಇರುವವರು ಚೀಲ ತುಂಬುವ ಮೊದಲು ಕೇಳಬೇಕಾದ ಪ್ರಶ್ನೆ ಇದು.

ಸುದ್ದಿ ಯಾವುದೂ ಇರಲಿಲ್ಲ. ಆದರೂ ಉಣುಗು ಹತ್ತದಿರಲೆಂದು ಇಲಾಖೆಯವರು ಹಂಚುವ ಡೆಪಾ ಎಣ್ಣೆಯನ್ನು ಮಾವ ನಮ್ಮಿಬ್ಬರ ಕೈಕಾಲಿಗೆ ಹಚ್ಚಿಸಿದರು. ಉದ್ದ ತೋಳಿನ ಅಂಗಿ, ಕಾಲುಚೀಲದೊಳಗೆ ಸಿಕ್ಕಿಸಿದ ಪ್ಯಾಂಟು. ಆಮೇಲೆ ನಮ್ಮ ಚೀಲಗಳನ್ನು ಜಗಲಿಯ ಮೇಲೆ ಬಿಚ್ಚಿಸಿದರು. ಹುಡುಗಿ ಬಿಸ್ಕತ್ತಿನ ಪೊಟ್ಟಣಗಳು, ಚಿಪ್ಸು, ತಂಪು ಪಾನೀಯದ ಬಾಟಲಿ, ಹಾಡು ಕೇಳುವ ಸ್ಪೀಕರು ಎಲ್ಲವನ್ನೂ ತುಂಬಿಕೊಂಡಿದ್ದಳು. ಮಾವ ಬೈಯಲಿಲ್ಲ. ಒಂದೊಂದನ್ನೂ ಕೈಯಲ್ಲಿ ಹಿಡಿದು, "ಇದನ್ನು ಹೊತ್ತು ಹತ್ತಬೇಕು, ಖಾಲಿಯಾದ ಮೇಲೆ ಇದರ ಸಿಪ್ಪೆಯನ್ನೂ ಹೊತ್ತು ಇಳಿಯಬೇಕು. ಬೇಕಾ ಮಗಾ?" ಎಂದು ಕೇಳುತ್ತ ಹೋದರು. ಅವಳೇ ಒಂದೊಂದಾಗಿ ಪಕ್ಕಕ್ಕೆ ಇಟ್ಟಳು. ಕೊನೆಗೆ ಉಳಿದದ್ದು ಬಾಳೆಲೆಯಲ್ಲಿ ಕಟ್ಟಿದ ಅಕ್ಕಿರೊಟ್ಟಿ, ಮಾವಿನಮಿಡಿ ಉಪ್ಪಿನಕಾಯಿ, ಗಂಜಿಗೆ ಅಕ್ಕಿ, ಬೆಲ್ಲ, ಕಾಫಿಪುಡಿ, ಒಂದು ಪಾತ್ರೆ, ನೀರಿನ ಬಾಟಲಿಗಳು, ಎರಡು ಕಂಬಳಿ, ಡೇರೆ, ಟಾರ್ಚು. ಮಾವನ ಸೊಂಟದಲ್ಲಿ ಕತ್ತಿ.

ನಡೆದು ಹೋಗಿ ತಂಗುವುದಕ್ಕೂ ವಾಹನದಲ್ಲಿ ಹೋಗಿ ತಂಗುವುದಕ್ಕೂ ಇರುವ ವ್ಯತ್ಯಾಸ ಆ ಜಗಲಿಯ ಮೇಲೆಯೇ ನನಗೆ ತಿಳಿಯಿತು. ಜೀಪಿನ ಹಿಂದೆ ಎಷ್ಟು ಬೇಕಾದರೂ ತುಂಬಬಹುದು. ಅದರ ಭಾರ ಯಾರಿಗೂ ಗೊತ್ತಾಗುವುದಿಲ್ಲ. ಗೊತ್ತಾಗದ ಭಾರವನ್ನು ಕಾಡಿನಲ್ಲಿ ಬಿಟ್ಟು ಬರುವುದೂ ಸುಲಭ. ಬೆನ್ನ ಮೇಲೆ ಹೊತ್ತವನಿಗೆ ಒಂದು ಬಾಟಲಿಯೂ ಲೆಕ್ಕಕ್ಕೆ ಬರುತ್ತದೆ.

ದಣಪೆ ದಾಟಿ, ಸಂಕ ದಾಟಿ, ಕಾಫಿಯ ನಡುವೆ ಹತ್ತಿದೆವು. ಹಣ್ಣು ಕೆಂಪಾಗುತ್ತಿದ್ದ ಕಾಲ. ನೆರಳಿಗೆ ನೆಟ್ಟ ಸಿಲ್ವರ್ ಮರಗಳಿಗೆ ಮೆಣಸಿನ ಬಳ್ಳಿ ಹಬ್ಬಿತ್ತು. ಈ ಸಿಲ್ವರ್ ಓಕ್ ಆಸ್ಟ್ರೇಲಿಯಾದಿಂದ ಬಂದದ್ದು. ನಮ್ಮ ಗುಡ್ಡಗಳಲ್ಲಿ ಕಾಣುವ ಅಕೇಶಿಯಾ ಕೂಡ ಆಸ್ಟ್ರೇಲಿಯಾ ಮತ್ತು ಪಪುವಾ ನ್ಯೂಗಿನಿಯ ಕಡೆಯದು. ನಾವು ಹೊರಟಿದ್ದ ತೋಪಿನ ನೀಲಗಿರಿಯ ಮೂಲವೂ ಅದೇ ಖಂಡ. ಮಲೆನಾಡಿನಲ್ಲಿ ಹುಟ್ಟಿ ಬೆಳೆದ ನನಗೆ ಇವು ಹೊರಗಿನ ಮರಗಳೆಂದು ಬಹಳ ಕಾಲ ಗೊತ್ತೇ ಇರಲಿಲ್ಲ. ಕಣ್ಣು ಬಿಟ್ಟಾಗಿನಿಂದ ಇದ್ದದ್ದು ಮೊದಲಿನಿಂದಲೂ ಇತ್ತು ಎಂದೇ ಮನಸ್ಸು ತಿಳಿಯುತ್ತದೆ.

ಸಂಜೆ ನಾಲ್ಕೂವರೆಗೆ ತೋಪು ಮುಟ್ಟಿದೆವು. ಬೂದಿ ಬಿಳುಪಿನ ನುಣುಪು ಕಾಂಡಗಳು ನೆಟ್ಟಗೆ ನಿಂತಿದ್ದವು. ಅವುಗಳಿಂದ ಉದ್ದುದ್ದ ಸಿಪ್ಪೆ ಸುಲಿದು ಜೋತುಬಿದ್ದಿತ್ತು. ಒಳಗೆ ಕಾಲಿಟ್ಟೊಡನೆ ಶೀತಕ್ಕೆ ಮೂಗಿಗೆ ಹಿಡಿಯುವ ಆ ಎಣ್ಣೆಯ ವಾಸನೆ. ಹುಡುಗಿ ತಲೆಯೆತ್ತಿ ನೋಡಿ, "ಅತ್ತೆ, ಇಷ್ಟೊಂದು ಎಲೆ ಇದ್ದರೂ ನೆರಳೇ ಇಲ್ಲವಲ್ಲ!" ಎಂದಳು. ಸರಿಯಾಗಿಯೇ ಕಂಡಿದ್ದಳು. ಬೆಳೆದ ನೀಲಗಿರಿಯ ಎಲೆಗಳು ನಮ್ಮ ಹಲಸು, ಮಾವುಗಳ ಎಲೆಯಂತೆ ಬಿಸಿಲಿಗೆ ಅಂಗೈ ಚಾಚಿ ನಿಲ್ಲುವುದಿಲ್ಲ. ಕುಡುಗೋಲಿನ ಅಲಗಿನಂತೆ ಕೆಳಮುಖವಾಗಿ ತೂಗುತ್ತವೆ. ಬಿಸಿಲು ಅವುಗಳ ಸಂದಿಯಿಂದ ಜಾರಿ ನೆಲಕ್ಕೆ ಬೀಳುತ್ತದೆ. ಒಣ ನಾಡಿನಲ್ಲಿ ಬೇಗೆಯಿಂದ ಉಳಿಯಲು ಆ ಮರ ಕಂಡುಕೊಂಡ ಉಪಾಯ ಅದು.

ಈ ಮರ ನಮ್ಮಲ್ಲಿಗೆ ಬಂದ ಕಥೆ ದೊಡ್ಡದು. 1790ರ ಸುಮಾರಿಗೆ ಟಿಪ್ಪು ಸುಲ್ತಾನನ ಕಾಲದಲ್ಲಿ ನಂದಿಬೆಟ್ಟದಲ್ಲಿ ಇದರ ಬೀಜ ಬಿತ್ತಿದರು ಎನ್ನುವುದು ಅರಣ್ಯ ಚರಿತ್ರೆಯ ಪುಸ್ತಕಗಳಲ್ಲಿ ಬರುವ ಮಾತು. 1843ರಿಂದ ನೀಲಗಿರಿ ಬೆಟ್ಟಗಳಲ್ಲಿ ನೆಡುವುದು ಶುರುವಾಯಿತು. ನಮ್ಮ ಬಾಯಲ್ಲಿ ಮರಕ್ಕೆ ಆ ಬೆಟ್ಟದ ಹೆಸರೇ ನಿಂತಿತು. ನಂದಿಯ ಮರಗಳಿಂದ ಆಯ್ದ ಬೀಜದ ತಳಿಗೆ ಮೈಸೂರ್ ಗಮ್ ಎಂದು ಹೆಸರಾಗಿ, ಅದು ದೇಶವೆಲ್ಲ ಹರಡಿತು. ಕಡಿದರೆ ಬುಡದಿಂದ ಮತ್ತೆ ಚಿಗುರುತ್ತದೆ, ಏಳೆಂಟು ವರ್ಷಕ್ಕೆ ಇನ್ನೊಮ್ಮೆ ಕಡಿಯಲು ಸಿಗುತ್ತದೆ, ದನ ತಿನ್ನುವುದಿಲ್ಲ. ಕಾಗದದ ಕಾರ್ಖಾನೆಗೆ ಇದಕ್ಕಿಂತ ಅನುಕೂಲದ ಮರ ಯಾವುದಿದೆ?

ನಮ್ಮ ಕಡೆಗೆ ಕಾಗದವೆಂದರೆ ಭದ್ರಾವತಿ. ಮೈಸೂರು ಸಂಸ್ಥಾನದ ಕಾಲದಲ್ಲಿ, 1930ರ ದಶಕದಲ್ಲಿ ಹುಟ್ಟಿದ ಮೈಸೂರು ಕಾಗದ ಕಾರ್ಖಾನೆಗೆ 1980ರಲ್ಲಿ ಸರ್ಕಾರ ಶಿವಮೊಗ್ಗ, ಚಿಕ್ಕಮಗಳೂರು ಜಿಲ್ಲೆಗಳ ಸಾವಿರಾರು ಹೆಕ್ಟೇರ್ ಅರಣ್ಯ ಭೂಮಿಯನ್ನು 40 ವರ್ಷದ ಗುತ್ತಿಗೆಗೆ ಕೊಟ್ಟಿತು. ಅಲ್ಲಿ ನೀಲಗಿರಿ ಬಂತು, ಅಕೇಶಿಯಾ ಬಂತು. ಮಳೆ ಜಾಸ್ತಿಯಿರುವ ಸೆರಗಿನಲ್ಲಿ ನೀಲಗಿರಿಗೆ ತೊಗಟೆ ಬಿರಿಯುವ ಗುಲಾಬಿ ರೋಗ ತಗುಲುತ್ತಿತ್ತು. ಅಂಥ ಕಡೆ ಅಕೇಶಿಯಾಕ್ಕೆ ಹೆಚ್ಚು ಜಾಗ ಸಿಕ್ಕಿತು. ನಾವು ಓದಿದ ಪತ್ರಿಕೆ, ನಾವು ಬರೆದ ನೋಟುಪುಸ್ತಕ ಈ ಮರಗಳಿಂದಲೂ ಬಂದವು. ಆ ಋಣವನ್ನು ಮರೆಯಬಾರದು. ಆದರೆ ಸೊಪ್ಪು, ಸೌದೆ, ಹಣ್ಣು, ಜೇನು ಕೊಡುತ್ತಿದ್ದ ಗುಡ್ಡಗಳು ಒಂದೇ ಜಾತಿಯ ಸಾಲುಮರಗಳಾದಾಗ ಹಳ್ಳಿಯವರು ಕಳೆದುಕೊಂಡದ್ದನ್ನೂ ಮರೆಯಬಾರದು.

ಜನ ಸುಮ್ಮನೆ ಇರಲಿಲ್ಲ. 1983ರಲ್ಲಿ ತುಮಕೂರು ಜಿಲ್ಲೆಯ ರೈತರು ಅರಣ್ಯ ಇಲಾಖೆಯ ಸಸಿಮಡಿಗಳಿಗೆ ಹೋಗಿ ನೀಲಗಿರಿ ಸಸಿಗಳನ್ನು ಕಿತ್ತು, ಆ ಜಾಗದಲ್ಲಿ ಹುಣಸೆ, ಮಾವಿನ ಬೀಜ ಹಾಕಿದರು. 1987ರ ನವೆಂಬರ್ 14ರಂದು ಆಗಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ ನಡೆದ ಸತ್ಯಾಗ್ರಹದ ಹೆಸರೇ 'ಕಿತ್ತಿಕೊ ಹಚ್ಚಿಕೊ'. ನೀಲಗಿರಿ ಕೀಳು, ಊರಿಗೆ ಬೇಕಾದ ಗಿಡ ಹಚ್ಚು ಎಂದು. ಕೊನೆಗೆ 2017ರಲ್ಲಿ ಕರ್ನಾಟಕ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಭದ್ರಾವತಿಯ ಕಾರ್ಖಾನೆಯ ಸದ್ದು ಅದಕ್ಕೂ ಮೊದಲೇ ನಿಂತಿತ್ತು. 2020ರಲ್ಲಿ ಗುತ್ತಿಗೆಯ 40 ವರ್ಷ ಮುಗಿಯಿತು. ಅದನ್ನು ಮತ್ತೆ ಮುಂದುವರಿಸುವ ಮಾತು ಬಂದಾಗ ಮಲೆನಾಡಿನ ಊರೂರುಗಳಲ್ಲಿ ಜನ ಸಭೆ ಸೇರಿ ಬೇಡವೆಂದರು. ಈ ಇಷ್ಟೂ ಚರಿತ್ರೆ ನಮ್ಮ ತೋಪಿನ ಆ ಬಿಳಿ ಕಾಂಡಗಳ ಹಿಂದೆ ನಿಂತಿದೆ.

ಡೇರೆಗೆ ಜಾಗ ಹುಡುಕುವಾಗ ನನಗೆ ದೊಡ್ಡ ಮರದ ಬುಡ ಚೆನ್ನಾಗಿ ಕಂಡಿತು. ಮಾವ ತಡೆದರು. "ಈ ಮರ ನಂಬುವ ಹಾಗಿಲ್ಲ. ಗಾಳಿಯೇ ಇಲ್ಲದಾಗ ಕೊಂಬೆ ಬಿಟ್ಟುಬಿಡುತ್ತದೆ." ನೀಲಗಿರಿಯ ತವರಿನಲ್ಲಿಯೂ ಇದೇ ತಿಳಿವಳಿಕೆ ಇದೆ. ಆಸ್ಟ್ರೇಲಿಯಾದಲ್ಲಿ ಇಂಥ ಕಾಡಿನಲ್ಲಿ ತಂಗುವವರಿಗೆ ಹೇಳುವ ಮೊದಲ ಬುದ್ಧಿಮಾತು, ದೊಡ್ಡ ಕೊಂಬೆಯ ಕೆಳಗೆ ಮಲಗಬೇಡಿ ಎನ್ನುವುದು. ಎರಡನೆಯದು ಬೆಂಕಿಯ ವಿಚಾರ. ಎಲೆಯಲ್ಲಿ ಎಣ್ಣೆ, ನೆಲದ ಮೇಲೆ ಒಣ ಸಿಪ್ಪೆ, ತರಗು. ಒಂದು ಕಿಡಿ ಸಾಕು. ಬೆಂಕಿ ಬಿದ್ದರೂ ನೀಲಗಿರಿ ಬದುಕಿಕೊಳ್ಳುತ್ತದೆ, ತೊಗಟೆಯೊಳಗೆ ಅಡಗಿದ ಮೊಗ್ಗುಗಳಿಂದ ಮತ್ತೆ ಚಿಗುರುತ್ತದೆ. ಪಕ್ಕದ ನಮ್ಮ ಹಸಿರು ಕಾನಿನ ಮರಗಳಿಗೆ ಆ ಶಕ್ತಿಯಿಲ್ಲ. 2019ರ ಕೊನೆಯಿಂದ 2020ರ ಮೊದಲವರೆಗೆ ಆಸ್ಟ್ರೇಲಿಯಾದ ನೀಲಗಿರಿ ಕಾಡುಗಳು ಹೊತ್ತಿ ಉರಿದದ್ದನ್ನು ನಾವೆಲ್ಲ ಕಂಡಿದ್ದೇವೆ.

ಮಾವ ತೋಪಿನ ಅಂಚಿಗೆ, ಮೇಲೆ ಕೊಂಬೆಯಿಲ್ಲದ ಒಂದು ಬಂಡೆಯ ಹಾಸಿಗೆ ನಮ್ಮನ್ನು ಕರೆದುಕೊಂಡು ಹೋದರು. ಸುತ್ತಲಿನ ತರಗನ್ನು ಸೊಪ್ಪಿನ ಕಟ್ಟಿನಿಂದ ಗುಡಿಸಿದರು. ಉಣುಗೂ ದೂರ, ಕಿಡಿಗೂ ದೂರ. ಬಂಡೆಯ ಮೇಲೆ ಮೂರು ಕಲ್ಲು ಇಟ್ಟು, ಪಕ್ಕದಲ್ಲಿ ಬಾಟಲಿಗಳಲ್ಲಿ ನೀರು ತುಂಬಿಟ್ಟುಕೊಂಡು, ಆಮೇಲೆ ಒಲೆ ಹಚ್ಚಿದರು. ಇದು ಅವರದೇ ಜಾಗ. ಹಾಗಾಗಿ ಅಷ್ಟಾದರೂ ಸಾಧ್ಯವಾಯಿತು. ಕಾಯ್ದಿಟ್ಟ ಅರಣ್ಯದಲ್ಲಿ ಅನುಮತಿಯಿಲ್ಲದೆ ಕಾಲಿಡುವುದೂ ಬೆಂಕಿ ಹಚ್ಚುವುದೂ 1963ರ ಕರ್ನಾಟಕ ಅರಣ್ಯ ಕಾಯ್ದೆಯಡಿ ಅಪರಾಧ. ಆ ಕಾನೂನಿನ ಕಾರಣವನ್ನು ಒಣ ಸಿಪ್ಪೆಗಳ ನಡುವೆ ನಿಂತವರಿಗೆ ಯಾರೂ ವಿವರಿಸಬೇಕಾಗಿಲ್ಲ.

ಗಂಜಿ ಉಂಡಾಯಿತು. ಕೆಂಡ ಆರಿಸಿಯಾಯಿತು. ಚಂದ್ರ ಮೇಲೆ ಬಂದ. ನೆರಳಿಲ್ಲದ ಮರಗಳ ಮೇಲಿನಿಂದ ಬೆಳದಿಂಗಳು ಬಿಸಿಲಿನ ಹಾಗೆಯೇ ಜಾರಿ ನೆಲಕ್ಕೆ ಬಿತ್ತು. ಬಿಳಿ ಕಾಂಡಗಳು ಒಂದೊಂದೂ ಎಣಿಸುವಷ್ಟು ಸ್ಪಷ್ಟ. ಗಾಳಿ ಬೀಸಿದಾಗ ಎಲೆಗಳು ಮಳೆ ಬಂದ ಹಾಗೆ ಸದ್ದು ಮಾಡುತ್ತಿದ್ದವು. ಹುಡುಗಿ ಎರಡು ಸಲ ಡೇರೆಯಿಂದ ಕೈ ಹೊರಗೆ ಚಾಚಿ, ಹನಿ ಬೀಳುತ್ತಿದೆಯೇ ಎಂದು ನೋಡಿದಳು. ಆ ನೋಟ ಚಂದವಿತ್ತು. ನೀಲಗಿರಿ ಎಂದರೆ ಬರಿಯ ದೂರು ಎಂದು ತಿಳಿದಿದ್ದ ನನಗೆ ಅದು ಚಂದವೆನ್ನಲು ಆ ರಾತ್ರಿ ಯಾವ ಸಂಕೋಚವೂ ಆಗಲಿಲ್ಲ. ತನ್ನ ನೆಲದಲ್ಲಿ ಅದೂ ಒಂದು ಕಾಡಿನ ದೊರೆಯೇ. 700ಕ್ಕೂ ಹೆಚ್ಚು ಜಾತಿಗಳ ದೊಡ್ಡ ಕುಲ ಅದರದು. ತಪ್ಪು ಮರದ್ದಲ್ಲ, ಅದನ್ನು ನಮ್ಮ ಕಾನಿನ ಜಾಗದಲ್ಲಿ ನಿಲ್ಲಿಸಿದ ಲೆಕ್ಕಾಚಾರದ್ದು.

ರಾತ್ರಿ ಹತ್ತರ ಸುಮಾರಿಗೆ ಗಾಳಿ ನಿಂತಿತು. ಆಗ ಒಂದು ವಿಷಯ ಗಮನಕ್ಕೆ ಬಂತು. ನಾವು ಇದ್ದ ತೋಪಿನಲ್ಲಿ ಸದ್ದೇ ಇಲ್ಲ. ಹಳ್ಳದ ಆಚೆಯ ಕಾನಿನಲ್ಲಿ ಮಾತ್ರ ಸಂತೆ ನೆರೆದ ಹಾಗೆ ಗಲಗಲ. ಹುಳುಗಳ ಜೀಕು ಒಂದು ಕಡೆ, ಕಪ್ಪೆಗಳ ಟಕಟಕ ಇನ್ನೊಂದು ಕಡೆ, ನಡುವೆ ನತ್ತಿಂಗನ ಒಂದೇ ಸಮನೆಯ ಕೂಗು, ಗೂಬೆ, ದೂರದಲ್ಲಿ ಕಡವೆಯ ಒಂದು ಎಚ್ಚರಿಕೆಯ ಕೂಗು. ಸದ್ದೆಲ್ಲ ಹಳ್ಳದವರೆಗೆ ಬಂದು ಅಲ್ಲಿಯೇ ನಿಲ್ಲುತ್ತಿತ್ತು, ಯಾರೋ ಗೆರೆ ಎಳೆದ ಹಾಗೆ. "ಅಜ್ಜಾ, ಈಚೆಗೆ ಯಾಕೆ ಯಾರೂ ಬರೋದಿಲ್ಲ?" ಎಂದು ಹುಡುಗಿ ಪಿಸುದನಿಯಲ್ಲಿ ಕೇಳಿದಳು. "ಈಚೆ ಅವಕ್ಕೆ ತಿನ್ನಲಿಕ್ಕೆ ಎಂತ ಉಂಟು ಮಗಾ? ಹೂ ಬಿಟ್ಟಾಗ ಜೇನು ಬರ್ತದೆ. ಹಣ್ಣಿಲ್ಲ, ಪೊಟರೆಯಿಲ್ಲ, ಹುಳ ಕಮ್ಮಿ. ಊಟ ಇಲ್ಲದ ಮನೆಗೆ ನೆಂಟರು ಯಾಕೆ ಬರ್ತಾರೆ?" ಎಂದರು ಮಾವ.

ಪುಸ್ತಕದಲ್ಲಿ ಜೀವವೈವಿಧ್ಯ ಎಂಬ ದೊಡ್ಡ ಮಾತು ಓದಿದ್ದೆ. ಅದನ್ನು ಕಿವಿಯಿಂದ ಅರಿತದ್ದು ಆ ರಾತ್ರಿ. ಒಂದೇ ಬಂಡೆಯ ಮೇಲೆ ಕುಳಿತು ಎಡಕ್ಕೆ ಕಿವಿಗೊಟ್ಟರೆ ನೆಟ್ಟ ಕಾಡು, ಬಲಕ್ಕೆ ಕಿವಿಗೊಟ್ಟರೆ ಬೆಳೆದ ಕಾಡು. ಹಗಲು ಜೀಪಿನಲ್ಲಿ ಹಾದುಹೋದರೆ ಎರಡೂ ಹಸಿರೇ. ತಂಗಬೇಕು, ದೀಪ ಆರಿಸಬೇಕು, ಮಾತು ನಿಲ್ಲಿಸಬೇಕು. ಆಗ ಮಾತ್ರ ಆ ಗೆರೆ ಕೇಳಿಸುತ್ತದೆ. ಹುಡುಗಿ ಮನೆಯಲ್ಲಿ ಬಿಟ್ಟು ಬಂದ ಸ್ಪೀಕರನ್ನು ನೆನೆದು ನನಗೆ ಸಮಾಧಾನವಾಯಿತು. ಅದು ಜೊತೆಗಿದ್ದಿದ್ದರೆ ಈ ಪಾಠ ಅವಳಿಗೂ ಇಲ್ಲ, ನನಗೂ ಇಲ್ಲ.

ಬೆಳಗಿನ ಜಾವದ ಚಳಿಗೆ ಎಚ್ಚರವಾಯಿತು. ಕಾವಳ ತೋಪಿನೊಳಗೆ ಸೊಂಟದ ಎತ್ತರಕ್ಕೆ ತುಂಬಿತ್ತು. ಬೆಳಕು ಹರಿದು ಅದು ಕರಗಿದಾಗ, ಸಂಜೆಯ ಆತುರದಲ್ಲಿ ಕಾಣದಿದ್ದದ್ದು ಕಂಡಿತು. ನೀಲಗಿರಿಯ ಕಾಂಡಗಳ ನಡುವೆ ಮೊಣಕಾಲೆತ್ತರದ, ಎದೆಯೆತ್ತರದ ಸಸಿಗಳು. ಮಾವ ಒಂದೊಂದನ್ನೂ ಮುಟ್ಟಿ ಹೆಸರು ಹೇಳಿದರು: ನೇರಳೆ, ಹೆಬ್ಬಲಸು, ರಾಮಪತ್ರೆ, ಬೈನೆ, ಸುರಗಿ. ಯಾರೂ ನೆಟ್ಟದ್ದಲ್ಲ. ಹಳ್ಳದ ಆಚೆ ಹಣ್ಣು ತಿಂದ ಹಕ್ಕಿಗಳು ಈಚೆಯ ಕೊಂಬೆಯ ಮೇಲೆ ಗಳಿಗೆಹೊತ್ತು ಕೂತು ಹೋದಾಗ ಉದುರಿಸಿದ ಬೀಜಗಳು. ಇಪ್ಪತ್ತು ವರ್ಷದಿಂದ ಮಾವ ಈ ತೋಪಿಗೆ ಕೊಡಲಿ ಹಾಕಿಲ್ಲ, ನೆಲ ಕೆರೆಸಿಲ್ಲ, ಬೇಸಿಗೆಯಲ್ಲಿ ಬೆಂಕಿ ಬೀಳದಂತೆ ಸುತ್ತ ತರಗು ಗುಡಿಸಿಟ್ಟಿದ್ದಾರೆ, ಅಷ್ಟೇ. ನೆರಳಿಲ್ಲದ ಮರದ ಕೆಳಗೆ ಬಿದ್ದ ಬಿಸಿಲೇ ಈ ಸಸಿಗಳಿಗೆ ಒದಗಿದೆ. ನಮ್ಮ ಮಳೆ, ನಮ್ಮ ಮಣ್ಣು, ಪಕ್ಕದಲ್ಲಿಯೇ ಜೀವಂತ ಕಾನು; ಈ ಮೂರು ಇದ್ದು ಮನುಷ್ಯ ಸ್ವಲ್ಪ ಸುಮ್ಮನಿದ್ದರೆ ಕಾಡು ಹಳ್ಳ ದಾಟಿ ಬರುತ್ತದೆ.

ಆ ಬೆಳಿಗ್ಗೆ ನನ್ನ ಮನಸ್ಸಿಗೆ ಬಂದ ವಿಚಾರವನ್ನು ನಿಮ್ಮ ಮುಂದೆ ಇಡಬೇಕು. ಇಂದು ನಮ್ಮ ಬೆಟ್ಟಗಳಿಗೆ ಬರುವ ಜನ ಹೆಚ್ಚಾಗಿದ್ದಾರೆ. 2024ರ ಜನವರಿಯಲ್ಲಿ ಕುಮಾರಪರ್ವತಕ್ಕೆ ಒಂದೇ ವಾರಾಂತ್ಯದಲ್ಲಿ ಸಾವಿರಾರು ಮಂದಿ ಸೇರಿದ ಚಿತ್ರಗಳನ್ನು ನೀವು ನೋಡಿರುತ್ತೀರಿ. ಅದಾದ ಮೇಲೆ ಸರ್ಕಾರ ಚಾರಣವನ್ನು ನಿಲ್ಲಿಸಿ, ಮುಂಗಡವಾಗಿ ಹೆಸರು ನೋಂದಾಯಿಸಿದವರಿಗೆ ಮಾತ್ರ ಬಿಡುವ ಏರ್ಪಾಡು ಮಾಡಿತು. ಬರುವವರನ್ನು ನಾನು ದೂರುವುದಿಲ್ಲ. ಊರಿನ ಗದ್ದಲದಿಂದ ಬೇಸತ್ತ ಜೀವಕ್ಕೆ ಒಂದು ರಾತ್ರಿ ನಕ್ಷತ್ರದ ಕೆಳಗೆ ಮಲಗುವ ಆಸೆ ಬಂದರೆ ಅದು ಒಳ್ಳೆಯ ಆಸೆ. ಆದರೆ ಆ ಆಸೆ ಇವತ್ತು ನೇರವಾಗಿ ಬೆಟ್ಟದ ನೆತ್ತಿಗೆ, ಹುಲ್ಲುಗಾವಲು ಮತ್ತು ಶೋಲಾ ಕಾಡಿಗೆ, ಹಳ್ಳಗಳ ಹುಟ್ಟಿಗೆ ನುಗ್ಗುತ್ತಿದೆ. ತುಂಗೆ, ಭದ್ರೆ, ನೇತ್ರಾವತಿಯಂಥ ನದಿಗಳು ಹುಟ್ಟುವ ನೆತ್ತಿಗಳು ಅವು. ಅಲ್ಲಿ ಡೇರೆಯ ಗೂಟ ಹೊಡೆಯಬಾರದು.

ಹಾಗಾದರೆ ಎಲ್ಲಿ? ಕೊಯ್ದು, ನೆಟ್ಟು, ಮತ್ತೆ ಕೊಯ್ದು ದಣಿದ ನೀಲಗಿರಿ, ಅಕೇಶಿಯಾ ತೋಪುಗಳಿವೆಯಲ್ಲ, ಅವುಗಳ ಅಂಚಿನಲ್ಲಿ ಒಂದು ಸಣ್ಣ ಜಾಗ ಗೊತ್ತುಮಾಡೋಣ. ಊರಿನ ಹತ್ತಿರ, ವಾಹನ ಒಂದು ಗಂಟೆಯ ನಡಿಗೆಯಷ್ಟು ದೂರದಲ್ಲಿಯೇ ನಿಲ್ಲುವ ಹಾಗೆ. ಒಂದು ರಾತ್ರಿಗೆ ಇಷ್ಟೇ ಮಂದಿ ಎಂದು ಲೆಕ್ಕವಿಟ್ಟು, ಆಯಾ ಊರಿನ ಹುಡುಗ ಹುಡುಗಿಯರೇ ದಾರಿ ತೋರಿಸುವ ಹಾಗೆ. ಉಣುಗಿನ ಕಾಯಿಲೆಯ ಸುದ್ದಿ ಬಂದ ದಿನ, ಆನೆ ಓಡಾಡುವ ಸುದ್ದಿ ಬಂದ ದಿನ ಆ ಊರಿನವರೇ ಬಾಗಿಲು ಹಾಕುವ ಹಾಗೆ. ಬಂದವರು ಕೊಟ್ಟ ಹಣದಿಂದ ತೋಪಿನ ಸುತ್ತ ಬೆಂಕಿಗೆರೆ ಕಡಿಸಿ, ಲಂಟಾನ ಕೀಳಿಸಿ, ಕಾನಿನ ಸಸಿಗಳಿಗೆ ದಾರಿ ಬಿಡಬಹುದು. ಅವು ಬೆಳೆದು ತೋಪು ಕಾನಾಗುತ್ತ ಬಂದಂತೆ ಬಿಡಾರವನ್ನು ಇನ್ನೊಂದು ತೋಪಿಗೆ ಬದಲಿಸಬಹುದು.

ಇದು ಆಗದ ಮಾತಲ್ಲ. ಆಸ್ಟ್ರೇಲಿಯಾದ ವಿಕ್ಟೋರಿಯಾ ಪ್ರಾಂತದಲ್ಲಿ ವಿಲ್ಸನ್ಸ್ ಪ್ರಾಮಂಟರಿ ಎಂಬ ರಾಷ್ಟ್ರೀಯ ಉದ್ಯಾನವಿದೆ. ಅಲ್ಲಿ ಸೀಲರ್ಸ್ ಕೋವ್ ಎಂಬ ಕೊಲ್ಲಿಯ ಬಿಡಾರಕ್ಕೆ ರಸ್ತೆಯಿಲ್ಲ. ಸುಮಾರು 10 ಕಿಲೋಮೀಟರ್ ನಡೆಯಬೇಕು, ಇಲ್ಲವೇ ಸಮುದ್ರದ ಕಡೆಯಿಂದ ದೋಣಿಯಲ್ಲಿ ಬರಬೇಕು. ಮುಂಗಡ ಅನುಮತಿ ಬೇಕು, ಬೆಂಕಿ ಹಾಕುವಂತಿಲ್ಲ, ತಂದ ಕಸವನ್ನು ಹೊತ್ತು ಹಿಂದಿರುಗಬೇಕು. 19ನೇ ಶತಮಾನದಲ್ಲಿ ಮರ ಕೊಯ್ದು ಸಾಗಿಸಿದ ಜಾಗ ಅದು. ಕೊಡಲಿಯ ಜಾಗ ಈಗ ನಡೆದು ಬಂದವರ ಬಿಡಾರವಾಗಿದೆ. ನೀಲಗಿರಿಯನ್ನು ಆ ದೇಶದಿಂದ ತಂದೆವು. ನೀಲಗಿರಿಯ ಕಾಡಿನಲ್ಲಿ ತಂಗುವ ಶಿಸ್ತನ್ನು ಅದರ ಜೊತೆಗೆ ತರಲಿಲ್ಲ. ತರಬೇಕಾದ ಅಗತ್ಯವೂ ಇರಲಿಲ್ಲವೇನೋ, ಏಕೆಂದರೆ ಬಸರಿಯ ಕಟ್ಟೆಯ ಮೇಲೆ ಕೂತೆದ್ದ ನಮ್ಮ ಹಿರಿಯರಿಗೆ ಆ ಶಿಸ್ತು ಗೊತ್ತಿತ್ತು. ಅದನ್ನು ನೆನಪಿಸಿಕೊಂಡರೆ ಸಾಕು.

ಕಾಫಿ ಕುಡಿದು ಡೇರೆ ಮಡಚಿದೆವು. ಹುಡುಗಿ ಬಂಡೆಯ ಸುತ್ತ ಬಗ್ಗಿ ಬಗ್ಗಿ ಹುಡುಕಿ, ಬೆಲ್ಲ ಕಟ್ಟಿದ್ದ ಕಾಗದದ ಚೂರನ್ನೂ ಎತ್ತಿ ಜೇಬಿಗೆ ಹಾಕಿಕೊಂಡಳು. ಮಾವ ಒಲೆಯ ಮೇಲೆ ಇನ್ನೊಮ್ಮೆ ನೀರು ಹೊಯ್ದರು. ಹೊಗೆ ಬರಲಿಲ್ಲ, ಸದ್ದೂ ಬರಲಿಲ್ಲ. ನಾನು ಆರಿತು ಎಂದುಕೊಂಡು ಚೀಲ ಹೆಗಲಿಗೇರಿಸಿದೆ. ಅವರು ಕುಕ್ಕರಗಾಲಿನಲ್ಲಿ ಕುಳಿತು ಅಂಗೈಯನ್ನು ಬೂದಿಯೊಳಗೆ ಇಳಿಸಿದರು. ಒಂದು ಗಳಿಗೆ ಹಾಗೆಯೇ ಇಟ್ಟುಕೊಂಡಿದ್ದು, ತಲೆಯೆತ್ತಿ ಹುಡುಗಿಯನ್ನು ಕರೆದರು. "ಬಾ, ನೀನೂ ಕೈ ಇಟ್ಟು ನೋಡು. ಕಣ್ಣಿಗೆ ಆರಿದ್ದು ಬೇರೆ, ಕೈಗೆ ಆರಿದ್ದು ಬೇರೆ." ಅವಳು ತನ್ನ ಪುಟ್ಟ ಕೈಯನ್ನು ಆ ಒದ್ದೆ ಬೂದಿಯ ಆಳಕ್ಕೆ ಒತ್ತಿ, "ತಣ್ಣಗಿದೆ ಅಜ್ಜಾ" ಎಂದಳು. ಆಮೇಲೆ ಮೂರು ಕಲ್ಲುಗಳನ್ನು ಇದ್ದ ಜಾಗಕ್ಕೆ ಹಿಂದಿರುಗಿಸಿ, ಬೂದಿಯನ್ನು ಮಣ್ಣಿಗೆ ಬೆರೆಸಿ, ಮಿಕ್ಕಿದ್ದ ನಾಲ್ಕು ಸೌದೆಯನ್ನು ಬಂಡೆಯ ಸಂದಿಯಲ್ಲಿ, ಇಬ್ಬನಿ ತಾಗದ ಕಡೆ ಜೋಡಿಸಿಟ್ಟೆವು.

ಮನೆಗೆ ಬಂದು ಬಟ್ಟೆಗಳನ್ನು ಕುದಿನೀರಿಗೆ ಹಾಕಿ, ಮೈಕೈಯಲ್ಲಿ ಉಣುಗು ಕಚ್ಚಿದೆಯೇ ಎಂದು ಒಬ್ಬರನ್ನೊಬ್ಬರು ನೋಡಿ, ಬಿಸಿನೀರು ಸ್ನಾನ ಮಾಡಿದೆವು. ಹುಡುಗಿಯ ಉಗುರಿನ ಸಂದಿಯಲ್ಲಿ ಉಳಿದಿದ್ದ ಬೂದಿಯ ಕಪ್ಪು ಮಾತ್ರ ಅಷ್ಟು ಬೇಗ ಹೋಗಲಿಲ್ಲ. ಊರಿಗೆ ಹಿಂದಿರುಗುವ ಬಸ್ಸಿನಲ್ಲಿ ಅವಳು ಅದನ್ನು ಮತ್ತೆ ಮತ್ತೆ ನೋಡಿಕೊಳ್ಳುತ್ತಿದ್ದಳು.